ವಾಲ್ವಿಗೊಂದು ಆಣೆ

ಇದರಿಂದ ಬಾಂಬು ಮಾಡುವುದಿಲ್ಲ ಎಂಬುದಕ್ಕೆ ಏನು ಖಾತ್ರಿ?

ಮೊದಲ ಪ್ರಶ್ನೆಯೇ ಇದು. ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಯ ಆಫೀಸಿನಲ್ಲಿ ಮಾತುಕತೆ ಶುರುವಾಗಿತ್ತು.

ಮೇಜಿನ ಒಂದು ಬದಿಗೆ ಮಾಲೀಕ ಶಿವರಾಜಪ್ಪ, ಹೆಂಡತಿ ಸುಂದರಬಾಯಿ. ಎದುರಿಗೆ ಯುರೋಪಿನ ಕಂಪನಿಯ ಸಾಹೇಬ. ಇಬ್ಬರ ಮಾತನ್ನೂ ಆಚೀಚೆ ದಾಟಿಸಲು ಭಾಲ್ಕಿಯಿಂದ ಬಂದ ದುಭಾಷಿ ಪ್ರಣಾಲಿ. ನಟ್ಟನಡುವೆ ಮುಷ್ಟಿ ಗಾತ್ರದ ಒಂದು ವಾಲ್ವ್. ಅದು ಸಿಗದಿದ್ದರೆ ಕಾರ್ಖಾನೆ ನಿಲ್ಲುತ್ತದೆ, ಕೆಲಸಗಾರರು ಮನೆಗೆ ಹೋಗುತ್ತಾರೆ.

ಸಾಹೇಬನದು ಹಳೆಯ ಪರಿಚಯ. ಪೋಖ್ರಾನಿನಲ್ಲಿ ಬಾಂಬು ಸಿಡಿದ ಮರುವರ್ಷ ಶಿವರಾಜಪ್ಪ ಬೇಳೆ ಮಿಲ್ಲಿನ ಬಿಡಿಭಾಗ ಮಾಡಲು ಅವನ ಕಂಪನಿಯ ಯಂತ್ರ ಕೇಳಿದ್ದರು. ಇವೇ ಪ್ರಶ್ನೆಗಳು ಬಂದಿದ್ದವು. ಅಣುಬಾಂಬಿನ ದೇಶಕ್ಕೆ ಮಾರುವುದಿಲ್ಲ ಎಂದು ಅವನು ಕೈಯಲ್ಲಾಡಿಸಿಬಿಟ್ಟಿದ್ದ. ತೊಗರಿಬೇಳೆಯಿಂದ ಬಾಂಬು ಮಾಡುವ ವಿದ್ಯೆ ಬೀದರಿನಲ್ಲಿ ಯಾರಿಗೂ ಇರಲಿಲ್ಲ. ಇದ್ದಿದ್ದರೆ ಔರಾದಿನ ರಸ್ತೆ ಎಂದೋ ರಿಪೇರಿಯಾಗುತ್ತಿತ್ತು. ಆ ಅವಮಾನ ಶಿವರಾಜಪ್ಪನವರಿಗೆ ಇಂದಿಗೂ ಉರಿಯುತ್ತದೆ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಅವೇ ದೊಡ್ಡ ದೇಶಗಳು ಅಣು ವ್ಯಾಪಾರದಲ್ಲಿ ಭಾರತಕ್ಕೆ ವಿನಾಯಿತಿ ಕೊಟ್ಟವು. ಬಾಂಬು ಇದ್ದಲ್ಲೇ ಇತ್ತು, ನೀತಿ ಮಾತ್ರ ಮಗ್ಗಲು ಬದಲಿಸಿತ್ತು. ದಿಲ್ಲಿಯೂ ಅಣು ಸಾಮಗ್ರಿ ಮಾರುವ ಅವರ ಕೂಟದ ಹೊಸ್ತಿಲಾಚೆ ನಿಂತುಕೊಂಡೇ, ಯಾರಿಗೆ ಏನು ಮಾರಬಹುದು ಎಂಬ ಅವರ ನಿಯಮಗಳನ್ನು ತನ್ನ ಕಾಯ್ದೆಗೆ ಸೇರಿಸಿಕೊಂಡಿತು. ಬೀಗರ ಮನೆಯೊಳಗೆ ಇನ್ನೂ ಕರೆದಿರಲಿಲ್ಲ, ಬಡಿವಾರ ಆಗಲೇ ಬಂದಿತ್ತು.

ಪ್ರಶ್ನೆಗಳು ಮುಂದುವರಿದವು. ಯಾವುದಕ್ಕೆ ಬಳಕೆ? ಬೇರೆಯವರಿಗೆ ದಾಟಿಸುವುದಿಲ್ಲ ತಾನೇ? ನೆರೆಹೊರೆ ಎಂಥದ್ದು?

"ರಸಗೊಬ್ಬರ ಮಾಡ್ಲಿಕ್ಕರಿ," ಪ್ರಣಾಲಿಯ ಬಾಯಿಂದ ಉತ್ತರ ಬಂತು. "ಬಾಜೂದವ್ರು ಛಲೋ ಮಂದಿರಿ. ಬಾಂಬಿನ ಹೆಸರೇ ಬ್ಯಾಡರಿ. ಇದು ಸಿಗಲಿಲ್ಲಂದ್ರ ನಮ್ಮ ಫ್ಯಾಕ್ಟರಿ ಬಂದ್ ಆಗ್ತದರಿ."

ಉತ್ತರ ಕೊಟ್ಟವರ ಕಾಲರ್ ಬೆವರಿಗೆ ಒದ್ದೆಯಾಗಿತ್ತು. ಬೇಕಿದ್ದರೆ ಆಣೆಯನ್ನೂ ಮಾಡುವುದಾಗಿ ಇನ್ನೊಂದು ಉತ್ತರ ಬಂತು. ಸುಂದರಬಾಯಿ ಗಂಡನ ಕಡೆ ತಿರುಗಿದರು.

"ಸಾಕ್ ಮಾಡ್ರಿ," ಎಂದರು. "ಎಷ್ಟಂತ ಗೋಳು ಹೊಯ್ಕೋತೀರಿ?"

ಶಿವರಾಜಪ್ಪ ತಮ್ಮ ಕಾರ್ಖಾನೆಯಲ್ಲಿ ತಯಾರಾದ ವಾಲ್ವನ್ನು ನಿಧಾನಕ್ಕೆ ಗಿರಾಕಿ ಸಾಹೇಬನ ಕಡೆಗೆ ಸರಿಸಿ, ಹೆಂಡತಿಗೆ ಹೇಳಿದರು: "ಈಗ ನಮ್ಮ ಕಾಯ್ದಾನೂ ಹಂಗೇ ಅದ, ಕೇಳ್ಬೇಕಲ್ಲ. ಸಾಹೇಬ್ರಿಗಿ ಚಹಾ ಕೊಡು. ಇವ್ರು ಬಾಂಬ್ ಮಾಡೋ ಮಂದಿ ಅಲ್ಲಂತ ದಿಲ್ಲಿಗಿ ಹೇಳ್ತೇನಿ."