ಇಂಗ್ಲಿಷ್ ಹಾಡಿನೊಳಗಿನ ರೊಟ್ಟಿ

"ಹಾಡು ಕೆಟ್ಟೈತೆ ಷಣ್ಮುಖಣ್ಣ, ಬದಲಾಯಿಸಿ ಕೊಡ್ರಿ" ಎಂದು ಜಗಳೂರು ಬಸ್ಸಿನ ಡ್ರೈವರ್ ಬಂಗಾರಪ್ಪ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟ.

ಹೊನ್ನಾಳಿಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಷಣ್ಮುಖಪ್ಪ ಕ್ಯಾಸೆಟ್ ತುಂಬಿಕೊಡುವ ಅಂಗಡಿ ಮಾಡಿಕೊಂಡಿದ್ದ. ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರಿಗೆ ಹಾಕಿ ಕೇಳಿದ. ಸುತ್ತಲ ಊರುಗಳಲ್ಲೆಲ್ಲ ಕೇಳುವ ಅದೇ ಇಂಗ್ಲಿಷ್ ಹಾಡು. ತಬಲ ಇಲ್ಲ, ಪಿಟೀಲು ಇಲ್ಲ, ಎಲ್ಲವೂ ಸಿಂಥಸೈಜರ್ ಎಂಬ ಯಂತ್ರದ ಸದ್ದು. ತೊಳೆದಿಟ್ಟ ಗಾಜಿನಷ್ಟು ಸ್ವಚ್ಛವಾಗಿ ಕೇಳಿಸುತ್ತಿತ್ತು.

"ಏನಾಗೈತೋ ಇದಕ್ಕೆ? ಬೆಂಗಳೂರಿಂದ ಅಸಲಿ ಕ್ಯಾಸೆಟ್ ತರಿಸಿ ಇಳಿಸಿದ್ದು."

"ಅದೇ ಆಗಿರೋದು. ಇದರಾಗೆ ರೊಟ್ಟಿ ಬಡಿಯೋ ಸದ್ದೇ ಇಲ್ಲ. ಅಕ್ಕ ಕರೆಯೋದೂ ಇಲ್ಲ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕಸ್ತೂರಮ್ಮನ ಕೈ ನಿಂತಿತು.

ಎಂಬತ್ತೆರಡನೇ ಇಸವಿಯಲ್ಲಿ ಆ ಹಾಡು ಲಾರಿಯವನೊಬ್ಬನ ಕೈಲಿ ಬೊಂಬಾಯಿಯಿಂದ ಬಂದಾಗ ಷಣ್ಮುಖಪ್ಪನ ಹತ್ತಿರ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನೇರ ಇಳಿಸುವ ಈಗಿನ ಸಾಮಾನು ಇರಲಿಲ್ಲ. ಎರಡು ಟೇಪ್‌ರೆಕಾರ್ಡರ್ ಎದುರುಬದುರು ಇಟ್ಟು, ಒಂದು ಹಾಡಿದ್ದನ್ನು ಇನ್ನೊಂದಕ್ಕೆ ಕೇಳಿಸುತ್ತಿದ್ದ. ಅವತ್ತು ಒಳಗಿನ ರೊಟ್ಟಿಯ ಸದ್ದೂ ಅದರಲ್ಲಿ ಸೇರಿ ತಾಳಕ್ಕೆ ಸರಿಯಾಗಿ ಕೂತುಬಿಟ್ಟಿತ್ತು. ಮೊದಲೇ ಯಂತ್ರದ ಹಾಡು, ಇದೂ ಒಂದು ಯಂತ್ರವೇ ಇರಬೇಕೆಂದು ಜನ ಸುಮ್ಮನಿದ್ದರು. ಆದರೆ ಹಾಡು ಮುಗಿಯುವ ಮುಂಚೆ "ರೀ, ರೊಟ್ಟಿ ಆರ್ತಾವೆ, ಬರ್ರೀ" ಎಂದು ಕಸ್ತೂರಮ್ಮ ಕರೆದದ್ದನ್ನು ಯಾವ ಯಂತ್ರದ ಲೆಕ್ಕಕ್ಕೂ ಸೇರಿಸುವಂತಿರಲಿಲ್ಲ. ಅದರ ನಕಲು, ನಕಲಿನ ನಕಲು ನ್ಯಾಮತಿ, ಚನ್ನಗಿರಿ, ತ್ಯಾವಣಿಗೆಗೆಲ್ಲ ಹೋದವು. ಬ್ಯಾಂಡ್‌ಸೆಟ್ಟಿನವರು ಮದುವೆ ಮೆರವಣಿಗೆಯಲ್ಲಿ ಆ ಹಾಡು ಬಾರಿಸುವಾಗ ಕಸ್ತೂರಮ್ಮ ಕರೆಯುವ ಜಾಗಕ್ಕೆ ವಾದ್ಯ ನಿಲ್ಲಿಸಿ, ಒಕ್ಕೊರಲಿನಿಂದ ರೊಟ್ಟಿಗೆ ಕರೆದೇ ಮುಂದಕ್ಕೆ ಹೋಗುತ್ತಿದ್ದರು.

ಸಂತೆಯಲ್ಲಿ ಬೆನ್ನ ಹಿಂದೆ ಯಾರಾದರೂ ಅದೇ ಮಾತನ್ನು ಕೂಗಿದರೆ ಕಸ್ತೂರಮ್ಮ ತಿರುಗಿ ನೋಡದೆ ನಡೆಯುವುದನ್ನು ಕಲಿತಿದ್ದಳು. ಆರು ವರ್ಷ ಹಾಗೇ ಹೋಯಿತು. ಹೋದ ತಿಂಗಳು ಮಗಳು ಶಾಲೆಯಿಂದ ಅಳುತ್ತ ಬಂದು, "ಎಲ್ಲರೂ ನನ್ನನ್ನ ರೊಟ್ಟಿ ಅಂತಾರೆ, ನಾಳೆಯಿಂದ ಹೋಗಲ್ಲ" ಎಂದಾಗ ಮಾತ್ರ ಗಂಡನಿಗೆ, "ನನ್ನ ದನೀನ ಊರ ಬಾಯಿಂದ ತೆಗೀರಿ" ಎಂದಳು. ಷಣ್ಮುಖಪ್ಪ ಅಸಲಿ ತರಿಸಿ, ತನ್ನ ಹತ್ತಿರವಿದ್ದ ಹಳೆಯ ಕ್ಯಾಸೆಟ್ಟಿನ ಮೇಲೆಯೇ ಅದನ್ನು ಇಳಿಸಿ, ಹೆಂಡತಿಯ ದನಿಯನ್ನು ಅಳಿಸಿಬಿಟ್ಟಿದ್ದ.

"ಹಳೇದು ಬೇಕಂದ್ರೆ ಊರಾಗೆ ಯಾರ ಹತ್ರನಾದ್ರೂ ಇಸ್ಕೋ ಹೋಗು" ಎಂದ.

"ಎಲ್ಲ ಕೇಳಿ ನೋಡ್ದೆ. ಸವೆದು ಸವೆದು, ಬಾವಿಯಾಗೆ ಯಾರೋ ಗೊಣಗಿದಂಗೆ ಬರ್ತೈತೆ. ನಂದು ಚೆನ್ನಾಗಿತ್ತು, ಟೇಪು ಸುತ್ಕೊಂಡು ಹರಿದೋಯ್ತು. ಅದಕ್ಕೇ ನಿಮ್ಮ ಹತ್ರ ಹೊಸಾದು ತುಂಬಿಸ್ಕೊಂಡಿದ್ದು."

ಹಿಟ್ಟಿನ ಕೈಯಲ್ಲೇ ಕಸ್ತೂರಮ್ಮ ಬಾಗಿಲಿಗೆ ಬಂದಳು. "ನಿಮ್ಮ ಬಸ್ಸಿನಾಗೆ ನಗಾಡಾಕೆ ನಾನೇ ಆಗ್ಬೇಕಾ ಬಂಗಾರಪ್ಪ?"

"ನಗಾಡಾಕಲ್ಲ ಅಕ್ಕ. ಜಗಳೂರು ಕಡೆಯಿಂದ ಭತ್ತದ ನಾಟಿಗೆ ಹೆಣ್ಮಕ್ಕಳು ಬರ್ತಾರೆ. ಬೆಳಗಿನ ಜಾವದ ಕತ್ತಲಾಗೇ ಬಸ್ ಹತ್ತೋದು, ಹೊಟ್ಟೆಗೇನೂ ಇರಲ್ಲ. ನೀವು ಕರೆದ ಮೇಲೇನೇ ಅವರು ಬುತ್ತಿ ಬಿಚ್ಚೋದು. ನಿನ್ನೆ ಈ ಹೊಸಾದು ಹಾಕ್ದೆ. ಹಾಡು ಮುಗೀತು, ಒಬ್ರೂ ಬಿಚ್ಚಲಿಲ್ಲ. ಭೀಮಕ್ಕ ಅಂತ ಒಬ್ಬಾಕೆ ನನ್ನ ಸೀಟಿನ ತನಕ ಎದ್ದು ಬಂದು ಕೇಳ್ತಾಳೆ, 'ಏನಾಯ್ತಪ್ಪ ಆಯಮ್ಮಂಗೆ, ತೀರಿಕೊಂಡ್ಲಾ?' ಅಂತ."

"ಥೂ ನಿನ್ನ! ನೀನೇನಂದೆ?"

"ನಂಗೆ ಗೊತ್ತಿಲ್ಲವ್ವ, ಕೇಳ್ಕೊಂಡು ಬರ್ತೀನಿ ಅಂದೆ. ಹೊನ್ನಾಳಿ ಬರೋ ತನಕ ಬುತ್ತಿ ತೊಡೆ ಮೇಲೇ ಇದ್ವು."

ಕಸ್ತೂರಮ್ಮ ಕೈಗಂಟಿದ ಹಿಟ್ಟನ್ನು ಕೊಡವಿಕೊಂಡಳು. ಆಮೇಲೆ, "ಇಡ್ರೀ ಆ ಯಂತ್ರಗಳನ್ನ ಎದುರುಬದುರು" ಎಂದು ಗಂಡನಿಗೆ ಹೇಳಿ ಒಲೆಯ ಮುಂದೆ ಹೋಗಿ ಕೂತಳು.

ಷಣ್ಮುಖಪ್ಪ ಟೇಪ್‌ರೆಕಾರ್ಡರುಗಳನ್ನು ಅಡುಗೆಮನೆಯ ಹೊಸ್ತಿಲಿಗೇ ತಂದು ಹಾಡು ಹಾಕಿದ. ಕಸ್ತೂರಮ್ಮ ತಾಳ ಹಿಡಿದು ರೊಟ್ಟಿ ಬಡಿದಳು. ಗಂಡ ಕೈಬೀಸಿದಾಗ ಜೋರಾಗಿ ಕೂಗಿ ಕರೆದಳು. ಟೇಪನ್ನು ಹಿಂದಕ್ಕೆ ತಿರುಗಿಸಿ ಹಾಕಿ ಮೂವರೂ ಕೇಳಿದರು.

"ಬ್ಯಾಡ ಅಕ್ಕ" ಎಂದ ಬಂಗಾರಪ್ಪ. "ಇದನ್ನ ಕೇಳಿದ್ರೆ ಬುತ್ತಿ ಬಿಚ್ಚಲ್ಲ, ಹೆದರಿ ಬಸ್ಸೇ ಇಳೀತಾರೆ."

ಎರಡನೇ ಸಲ ದನಿಯನ್ನು ಮೆತ್ತಗೆ ಮಾಡಿದಳು. ಅದು ರೇಡಿಯೋದಲ್ಲಿ ವಾರ್ತೆ ಓದಿದ ಹಾಗಿತ್ತು. ಬಂಗಾರಪ್ಪ ತಲೆ ಕೆರೆದುಕೊಂಡ. ಮತ್ತೆ ಹಾಡು ಶುರುವಾಯಿತು, ರೊಟ್ಟಿಯ ಸದ್ದು ಜೊತೆಗೂಡಿತು. ಕರೆಯುವ ಜಾಗ ಬಂತು, ಷಣ್ಮುಖಪ್ಪ ಕೈಬೀಸಿದ. ಆಕೆ ಬಾಯಿ ತೆರೆದಳು, ದನಿ ಹೊರಡಲಿಲ್ಲ.

ರೆಕಾರ್ಡಿನ ಗುಂಡಿ ಒತ್ತಿರುವುದನ್ನೇ ಮರೆತು ಷಣ್ಮುಖಪ್ಪ ರೇಗಿದ. "ಅವತ್ತು ಕರೆದಂಗೆ ಕರೆಯೇ. ಅಷ್ಟೂ ಬರಲ್ವಾ?"

ಕಸ್ತೂರಮ್ಮ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. "ಅವತ್ತು ಒಂದ್ಸಲ ಕರೆದ್ರೆ ಎದ್ದು ಬರ್ತಿದ್ರಿ."

ಹಾಡು ತನ್ನ ಪಾಡಿಗೆ ಮುಗಿಯಿತು. ಟೇಪಿಗೆ ಸೇರಿದ ಆ ಮಾತುಗಳನ್ನು ಅಳಿಸಲೆಂದು ಷಣ್ಮುಖಪ್ಪ ಅದನ್ನು ಹಿಂದಕ್ಕೆ ತಿರುಗಿಸಲು ಕೈ ಚಾಚಿದ. ಬಂಗಾರಪ್ಪ ಅವನ ಮಣಿಕಟ್ಟು ಹಿಡಿದುಕೊಂಡ.

"ಇದನ್ನೇ ಕೊಡ್ರಿ ಅಣ್ಣ. ಅಕ್ಕ ಬದುಕವ್ರೆ ಅಂತ ಹೆಣ್ಮಕ್ಕಳಿಗೆ ಗೊತ್ತಾಗ್ತೈತೆ."