ದೋಣಿಗೆ ಹಳೇ ಟೈರು

"ಘಟ್ಟಕ್ಕೋ, ಹೈವೇಗೋ?" ಅಂಕೋಲೆಯ ಟೈರಂಗಡಿ ಶೇಟರು ಕೇಳಿದಾಗ ರೂಪೇಶ ಅಪ್ಪನತ್ತ ನೋಡದೆ, "ಹೈವೇದು ಸಾಕು. ಮೀನು ಹಾಕ್ಕಂಡು ಗೋವಾ ಬಿಟ್ರೆ ಜೀಪು ಬೇರೆಲ್ಲೂ ಹೋಗುದಿಲ್ಲ" ಎಂದ. ಅಣ್ಣ ನಿತೇಶ ಘಟ್ಟದ ತಿರುವಿನಲ್ಲಿ ಗಾಡಿ ಉರುಳಿ ಸತ್ತ ಮೇಲೆ, ಘಟ್ಟ ಹತ್ತುವುದಿಲ್ಲವೆಂದು ರೂಪೇಶ ಅಪ್ಪನ ಮುಂದೆ ಆಣೆ ಮಾಡಿದ್ದ.

"ಹೈವೇಲಿ ನಡು ಸವೀತದೆ. ಘಟ್ಟದ ತಿರುವು ಅಂಚು ತಿಂತದೆ" ಎನ್ನುತ್ತ ಶೇಟರು ಹೊಸ ಟೈರು ಇಳಿಸತೊಡಗಿದರು.

ಬಿಚ್ಚಿಟ್ಟ ಹಳೇ ಟೈರುಗಳನ್ನು ದಡಕ್ಕೆ ಬಡಿಯದಂತೆ ದೋಣಿಯ ಮಗ್ಗುಲಿಗೆ ಕಟ್ಟಲು ಒಯ್ಯಲೆಂದೇ ಅಪ್ಪ ಕುಪ್ಪ ಬಂದಿದ್ದ. ಒಂದನ್ನು ಎತ್ತಿ ನಿಲ್ಲಿಸಿ ಅಂಗೈ ಆಡಿಸಿದ. ನಡುವಿನ ಗೆರೆಗಳು ಇನ್ನೂ ಆಳವಾಗಿದ್ದವು, ಅಂಚು ಬೋಳಾಗಿತ್ತು. ಅಂಗೈ ಅಲ್ಲೇ ನಿಂತಿತು. ರೂಪೇಶ ತಲೆ ತಗ್ಗಿಸಿದ.

ಕುಪ್ಪ ಟೈರನ್ನು ಬಾಗಿಲಿನತ್ತ ಉರುಳಿಸಿದ. "ಶೇಟ್ರೆ, ಎರಡಕ್ಕೂ ಆಗೂವಂಥದ್ದು ಕೊಡಿ. ಅಂಚು ಗಟ್ಟಿ ಇರ್ಲಿ."