ಉಪ್ಪು ಒಪ್ಪಬೇಕಲ್ಲ!

ಉಪ್ಪಿಗೆ ಕಿವಿ ಬಂದಂದಿನಿಂದ ಕಡಲ ನೀರನ್ನು ಸಿಹಿನೀರಾಗಿಸುವ ಅಂಕೋಲೆಯ ಕಾರ್ಖಾನೆಯಲ್ಲಿ ಆಸಿಡ್ಡಿಗೆ ಕೆಲಸವಿಲ್ಲ, ಬಾಯಿಗೇ ಕೆಲಸ. ಕೊಳವೆಯೊಳಗೆ ಕಚ್ಚಿ ಕೂತ ಉಪ್ಪನ್ನು ಮಾತಾಡಿಸಿಯೇ ಬಿಡಿಸಬೇಕು. ಇಷ್ಟು ವರ್ಷ ಬಿಡಿಸುತ್ತಿದ್ದ ಬೊಮ್ಮಯ್ಯನಿಗೆ ಗಂಟಲಿನ ಆಪರೇಶನ್ ಆಗಿ ದನಿಯೇ ಹೋಗಿತ್ತು. ಬೇರೆ ಯಾರ ದನಿಗೂ ಉಪ್ಪು ಜಗ್ಗದು. ಇವತ್ತು ಉಪ್ಪು ಒಪ್ಪದಿದ್ದರೆ ಊರಿಗೆ ಕುಡಿಯುವ ನೀರಿಲ್ಲ.

ಹಾಗಾಗಿ ಕರೆ ಹೋದದ್ದು ಮಿಮಿಕ್ರಿಯ ನಾಗವೇಣಿಗೆ. ಅವಳು ಕೊಳವೆಗೆ ಬಾಯಿಟ್ಟು ಥೇಟ್ ಬೊಮ್ಮಯ್ಯನ ದನಿಯಲ್ಲಿ ಗದರಿದಳು: "ಬಿಡ್ತ್ಯೋ ಇಲ್ವೋ, ಮಗನೇ!"

ಒಂದು ಹರಳೂ ಉದುರಲಿಲ್ಲ.

ಪಕ್ಕದಲ್ಲಿದ್ದ ಬೊಮ್ಮಯ್ಯ ತನ್ನದೇ ದನಿ ಕೇಳಿ ಕಣ್ಣೊರೆಸಿಕೊಂಡ. ಆಮೇಲೆ ಹಾಗಲ್ಲವೆಂದು ತಲೆಯಾಡಿಸಿ, ಸೆರಗು ಹೊದ್ದಂತೆ ನಟಿಸಿ, ಕಡಲಿನತ್ತ ಕೈ ತೋರಿಸಿದ.

"ಅಯ್ಯೋ ಬೊಮ್ಮಣ್ಣಾ, ಈ ಉಪ್ಪು ಹೆಣ್ಣೇ? ನಾ ಗಂಡು ಅಂದ್ಕಂಡು ಬೈದೆ!" ನಾಗವೇಣಿ ನಾಲಿಗೆ ಕಚ್ಚಿಕೊಂಡಳು. ಮತ್ತೆ ಅದೇ ದನಿ ತೆಗೆದಳು, ಈ ಸಲ ಮೆತ್ತಗೆ: "ತಂಗೀ, ಗಂಡನ ಮನೆಗೆ ಅಂಟ್ಕಂಡದ್ದು ಸಾಕು. ತವರಿಗೆ ಹೋಗ್ಬಾ. ಕಡಲವ್ವಿ ದಾರಿ ಕಾಯ್ತದೆ."

ಕೊಳವೆಯೊಳಗೆ ಬಳೆ ಸದ್ದಾದಂತೆ ಘಲಘಲ ಎಂದಿತು. ಉಪ್ಪು ಹೊರಟಿತು, ಅದರ ಹಿಂದೆಯೇ ನೀರು ಹರಿಯಿತು.

ಬೊಮ್ಮಯ್ಯ ಖುಷಿಯಲ್ಲಿ ಬಾಯಿ ಆಡಿಸಿದ. ನಾಗವೇಣಿ ಅದಕ್ಕೆ ಸರಿಯಾಗಿ ಅವನದೇ ದನಿ ಕೂಡಿಸಿದಳು: "ನೋಡ್ರೋ, ಉಪ್ಪು ಒಪ್ತು!"